ಹತ್ತಿರದ ಚಿತ್ರಕ್ಕೆ ಯಾವ ಲೆನ್ಸ್?



ಕಳೆದ ಸಭೆಯಲ್ಲಿ ಸಂಘಕ್ಕೆ ಒಂದು ಮ್ಯಾಕ್ರೋ ಲೆನ್ಸ್ ಕೊಳ್ಳುವ ವಿಷಯ ಬಂದಾಗ ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಮಾತು ಚಹಾ ತಣ್ಣಗಾಗುವ ತನಕ ನಡೆಯಿತು. ಗಡಹಿಂಗ್ಲಜದ ಕಡೆಯವರು ಮಳೆಗಾಲದಲ್ಲಿ ಆಂಬೋಲಿಗೆ ಹೋಗಿ ಕಪ್ಪೆ, ಹುಳು, ಹೂವಿನ ಚಿತ್ರ ತೆಗೆಯುವವರು. ಅವರಿಗೆ 180 ಮಿ.ಮೀ. ಬೇಕು. ಕೊಲ್ಲಾಪುರದವರು ಹಳೆಯ ಕನ್ನಡ ಕಾಗದಪತ್ರಗಳ ಚಿತ್ರ ತೆಗೆಯಬೇಕೆಂದವರು. ಅವರು 60 ಸಾಕು ಎಂದರು. ಇಚಲಕರಂಜಿಯ ಹಿರಿಯ ಸದಸ್ಯರೊಬ್ಬರು ಜೀವಮಾನವೆಲ್ಲ ಬಟ್ಟೆ ತಪಾಸಣೆಯಲ್ಲಿ ಕಳೆದವರು. ಅವರು ಎದ್ದು ನಿಂತು ಕೇಳಿದ ಪ್ರಶ್ನೆಗೆ ಮಾತ್ರ ಯಾರಿಂದಲೂ ನೆಟ್ಟಗೆ ಉತ್ತರ ಬರಲಿಲ್ಲ.

"ನಮ್ಮ ಪಿಕ್ ಗ್ಲಾಸ್ ನೋಡ್ರಿ, ಮಿ.ಮೀ. ಕಡಿಮಿ ಇದ್ದಷ್ಟೂ ಎಳಿ ದೊಡ್ಡದಾಗಿ ಕಾಣತೈತಿ. ಕ್ಯಾಮೆರಾದವರು ಮಿ.ಮೀ. ಹೆಚ್ಚು ಇದ್ದಷ್ಟೂ ದೊಡ್ಡದು ಅಂತಾರ. ಎರಡರಾಗ ಖರೇ ಯಾವುದು?"

ಬರೆದು ತಿಳಿಸುತ್ತೇನೆ ಎಂದು ಒಪ್ಪಿಕೊಂಡೆ. ಅದಕ್ಕೇ ಈ ಲೇಖನ. ನಾನು ಛಾಯಾಗ್ರಾಹಕನಲ್ಲ, ಲೆಕ್ಕಪತ್ರ ನೋಡುತ್ತಿದ್ದವನು. ಆದರೆ ಈ ವಿಷಯದಲ್ಲಿ ಕಲೆಗಿಂತ ಲೆಕ್ಕವೇ ಹೆಚ್ಚು ಇರುವುದರಿಂದ ಧೈರ್ಯ ಮಾಡಿದ್ದೇನೆ.

ಮೊದಲು ಮಿ.ಮೀ. ಎಂದರೆ ಏನು ಎನ್ನುವುದು. ಮನೆಯಲ್ಲಿ ಭೂತಗನ್ನಡಿ ಇದ್ದರೆ ತೆಗೆದುಕೊಳ್ಳಿ. ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಹೊರಗಿನ ಮರ, ಆಕಾಶ ಎಲ್ಲವೂ ತಲೆಕೆಳಗಾಗಿ, ಚಿಕ್ಕದಾಗಿ, ಸ್ಪಷ್ಟವಾಗಿ ಗೋಡೆಯ ಮೇಲೆ ಮೂಡುತ್ತದೆ. ಆಗ ಗಾಜಿಗೂ ಗೋಡೆಗೂ ಇರುವ ಅಂತರವನ್ನು ಫೂಟ್‌ಪಟ್ಟಿಯಿಂದ ಅಳೆಯಿರಿ. ಅದೇ ಆ ಗಾಜಿನ ಫೋಕಲ್ ಲೆಂತ್. ಕನ್ನಡ ಶಾಲೆಯಲ್ಲಿ ವಿಜ್ಞಾನ ಓದಿದವರಿಗೆ ಸಂಗಮದೂರ ಎಂದರೆ ನೆನಪಾಗುತ್ತದೆ. ಲೆನ್ಸ್ ಮೇಲೆ 50, 100, 180 ಎಂದು ಬರೆದಿರುವುದು ಇದನ್ನೇ.

ಈಗ ಪಿಕ್ ಗ್ಲಾಸಿನ ಪ್ರಶ್ನೆ. ಇಚಲಕರಂಜಿಯವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಉಳಿದವರಿಗಾಗಿ: ಬಟ್ಟೆಯ ಮೇಲಿಟ್ಟು ಒಂದು ಇಂಚಿನಲ್ಲಿ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಎಣಿಸಲು ಬಳಸುವ, ಮಡಿಚಿಡಬಹುದಾದ ಚಿಕ್ಕ ಗಾಜು. ನಮ್ಮ ಕಣ್ಣು ಆರಾಮವಾಗಿ ನೋಡುವ ದೂರವನ್ನು 250 ಮಿ.ಮೀ. ಎಂದು ಹಿಡಿಯುತ್ತಾರೆ. ಅದನ್ನು ಗಾಜಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದು ಎಂದು ಬರುತ್ತದೆ. 50 ಮಿ.ಮೀ. ಗಾಜು 5 ಪಟ್ಟು, 25 ಮಿ.ಮೀ. ಗಾಜು 10 ಪಟ್ಟು. ಹಾಗಾಗಿ ಹಿರಿಯರು ಹೇಳಿದ್ದು ಖರೆ. ಆದರೆ ಒಂದನ್ನು ಗಮನಿಸಿ: 25 ಮಿ.ಮೀ. ಗಾಜು ಬಟ್ಟೆಗೆ ಒಂದೇ ಇಂಚಿನ ಅಂತರದಲ್ಲಿ ಇರಬೇಕು. ದೊಡ್ಡದಾಗಿ ತೋರಿಸುವುದು ಹತ್ತಿರ ಹೋಗುವುದರಿಂದ.

ಕ್ಯಾಮೆರಾ ಅಂಗಡಿಯವರು ಹೇಳುವುದೂ ಖರೆ, ಆದರೆ ಅವರು ಬಾಯಿಬಿಟ್ಟು ಹೇಳದ ಒಂದು ಷರತ್ತು ಇದೆ. ನಿಂತ ಜಾಗ ಬಿಡಬಾರದು. ದೂರದ ಗೋಪುರವನ್ನು ಒಂದೇ ಜಾಗದಿಂದ 50 ಮತ್ತು 200 ಮಿ.ಮೀ. ಲೆನ್ಸ್‌ಗಳಲ್ಲಿ ತೆಗೆದರೆ ಎರಡನೆಯದರಲ್ಲಿ ಕಳಶ ನಾಲ್ಕು ಪಟ್ಟು ದೊಡ್ಡದಾಗಿ ಬರುತ್ತದೆ. ಮ್ಯಾಕ್ರೋದಲ್ಲಿ ಯಾರೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಬೇಕಾದಷ್ಟು ಹತ್ತಿರ ಹೋಗುತ್ತಾರೆ. ಆದ್ದರಿಂದ ಅಲ್ಲಿ ಮಿ.ಮೀ. ಚಿತ್ರದ ಗಾತ್ರವನ್ನು ನಿರ್ಧರಿಸುವುದಿಲ್ಲ. ಆ ಗಾತ್ರಕ್ಕೆ ನೀವು ಎಷ್ಟು ದೂರದಲ್ಲಿ ಇರಬೇಕು ಎನ್ನುವುದನ್ನು ನಿರ್ಧರಿಸುತ್ತದೆ. ಮುಂದಿನದೆಲ್ಲ ಈ ಒಂದು ಮಾತಿನ ವಿಸ್ತಾರ.

ಮ್ಯಾಕ್ರೋದಲ್ಲಿ 1:1 ಎಂಬ ಮಾತು ಪದೇಪದೇ ಬರುತ್ತದೆ. ವಸ್ತು ಎಷ್ಟಿದೆಯೋ ಸೆನ್ಸರ್ ಮೇಲೆ ಅಷ್ಟೇ ಗಾತ್ರದಲ್ಲಿ ಮೂಡುವುದು ಎಂದರ್ಥ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅಂದರೆ 1:1ರಲ್ಲಿ ನಾಣ್ಯದ ಮೇಲಿನ ಕೆಳಗಿನ ಅಂಚು ಚೌಕಟ್ಟಿನ ಹೊರಗೆ ಹೋಗುತ್ತದೆ. ಈ 1:1 ಅನ್ನು 60ರಲ್ಲಿ ತೆಗೆಯಿರಿ, 100ರಲ್ಲಿ ತೆಗೆಯಿರಿ, 180ರಲ್ಲಿ ತೆಗೆಯಿರಿ, ನಾಣ್ಯ ಒಂದೇ ಗಾತ್ರ.

ದೂರದ ಲೆಕ್ಕ ಸುಲಭ. ಸಾದಾ ಮಸೂರದಲ್ಲಿ 1:1 ಬರಬೇಕಾದರೆ ವಸ್ತು ಸಂಗಮದೂರದ ಎರಡರಷ್ಟು ಮುಂದೆ ಇರಬೇಕು, ಸೆನ್ಸರ್ ಅಷ್ಟೇ ಹಿಂದೆ ಇರಬೇಕು. 50 ಮಿ.ಮೀ.ಗೆ ಮುಂದೆ 10 ಸೆಂ.ಮೀ., 100 ಮಿ.ಮೀ.ಗೆ 20, 200 ಮಿ.ಮೀ.ಗೆ 40. ಈಗಿನ ಲೆನ್ಸ್‌ಗಳು ಇಷ್ಟು ಸರಳವಾಗಿಲ್ಲ. ಹತ್ತಿರ ಫೋಕಸ್ ಮಾಡುವಾಗ ಒಳಗಿನ ಗಾಜುಗಳು ಸರಿದು, ನಿಜವಾದ ಸಂಗಮದೂರವೇ ಕಡಿಮೆಯಾಗುತ್ತದೆ. 100 ಎಂದು ಬರೆದ ಮ್ಯಾಕ್ರೋ ಲೆನ್ಸ್ 1:1ರಲ್ಲಿ ಸುಮಾರು 75ರ ಹಾಗೆ ವರ್ತಿಸುವುದು ಸಾಮಾನ್ಯ. ಆದ್ದರಿಂದ ಡಬ್ಬಿಯ ಮೇಲೆ ಕನಿಷ್ಠ ಫೋಕಸ್ ದೂರ 40 ಸೆಂ.ಮೀ. ಬದಲು 30 ಸೆಂ.ಮೀ. ಎಂದು ಇರುತ್ತದೆ.

ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಆ 30 ಸೆಂ.ಮೀ. ಲೆನ್ಸಿನ ತುದಿಯಿಂದ ಅಲ್ಲ, ಸೆನ್ಸರಿನಿಂದ ಅಳೆದದ್ದು. ಕ್ಯಾಮೆರಾದ ತಲೆಯ ಮೇಲೆ ಅಡ್ಡಗೆರೆ ಹೊಡೆದ ಚಿಕ್ಕ ವೃತ್ತದ ಗುರುತು ಇರುತ್ತದಲ್ಲ, ಅಲ್ಲಿಂದ. ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಕಳೆದು ಉಳಿಯುವುದೇ ನಮಗೆ ದಕ್ಕುವ ಅಂತರ. 60ರ ಲೆನ್ಸ್‌ಗಳಲ್ಲಿ 1:1ಕ್ಕೆ ಅದು ಸುಮಾರು 5ರಿಂದ 9 ಸೆಂ.ಮೀ., 100ರ ಆಸುಪಾಸಿನವುಗಳಲ್ಲಿ 13ರಿಂದ 15, 180ರಲ್ಲಿ 24ರ ಹತ್ತಿರ. ಮುಂದೆ ಹುಡ್ ಹಾಕಿದರೆ ಅದನ್ನೂ ಕಳೆಯಿರಿ.

ಆಂಬೋಲಿಗೆ ಹೋಗುವವರು ಉದ್ದ ಲೆನ್ಸಿಗೆ ಹಟ ಹಿಡಿಯುವುದು ಇದಕ್ಕೇ. ಹಿರಣ್ಯಕೇಶಿ ಅಲ್ಲೇ ಹುಟ್ಟಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆಗೆ ಇಳಿದು ಘಟಪ್ರಭೆಯನ್ನು ಸೇರುತ್ತದೆ. ಗಡಿಯ ಎರಡೂ ಬದಿಯವರು ಕುಡಿಯುವ ನೀರು. ಆ ಊರಿನ ಹೆಸರಿನಿಂದಲೇ ಕರೆಯುವ ಆಂಬೋಲಿ ನೆಲಗಪ್ಪೆಯನ್ನು ವಿಜ್ಞಾನಿಗಳು ಹೊಸ ಜಾತಿ ಎಂದು ವರ್ಣಿಸಿದ್ದು 2009ರಲ್ಲಿ. ಹಿರಣ್ಯಕೇಶಿ ದೇವಸ್ಥಾನದ ಕುಂಡದಲ್ಲಿ ಸಿಕ್ಕ ಚಿಕ್ಕ ಮೀನಿಗೆ 2020ರಲ್ಲಿ ನದಿಯ ಹೆಸರನ್ನೇ ಇಟ್ಟರು, ಮರುವರ್ಷ ಆ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣ ಎಂದು ಸರಕಾರ ಘೋಷಿಸಿತು. ಮಳೆ ಬಂತೆಂದರೆ ಕೊಲ್ಲಾಪುರ, ಬೆಳಗಾವಿ, ಪುಣೆಯ ಕ್ಯಾಮೆರಾಗಳೆಲ್ಲ ಅಲ್ಲಿಯೇ.

ಬೆರಳುದ್ದವೂ ಇಲ್ಲದ ಕಪ್ಪೆಗೆ 6 ಸೆಂ.ಮೀ. ಹತ್ತಿರ ಲೆನ್ಸ್ ಒಯ್ದರೆ ಏನಾಗುತ್ತದೆ? ಹುಡ್ ಹುಲ್ಲಿಗೆ ತಾಗುತ್ತದೆ, ಹುಲ್ಲು ಅಲುಗುತ್ತದೆ, ಕಪ್ಪೆ ಹಾರುತ್ತದೆ. ಹಾರಿದ್ದನ್ನು ಹಿಡಿದು ತಂದು ಎಲೆಯ ಮೇಲೆ ಕೂರಿಸುವವರನ್ನೂ ಕಂಡಿದ್ದೇನೆ. ಇದು ಸಲ್ಲದು. ಕಪ್ಪೆಯ ಚರ್ಮ ನಮ್ಮ ಕೈಯ ಉಪ್ಪು, ಸೋಪು, ಸೊಳ್ಳೆ ಮುಲಾಮು ತಾಳುವಂಥದ್ದಲ್ಲ. ರಾತ್ರಿ ಫ್ಲ್ಯಾಶ್ ಹಾಕಿದರೆ 60ರ ಲೆನ್ಸಿನ ನೆರಳೇ ಕಪ್ಪೆಯ ಬೆನ್ನ ಮೇಲೆ ಬೀಳುತ್ತದೆ. 24 ಸೆಂ.ಮೀ. ಅಂತರ ಇದ್ದರೆ ಇವೆಲ್ಲ ಕಡಿಮೆ.

ಗುಳಿಮಂಡಲ ಹಾವಿನ ಮಾತು ಬೇರೆ. ಕೊಂಬೆಯ ಮೇಲೆ, ಕೆಲವೊಮ್ಮೆ ನಮ್ಮ ಮೊಣಕೈ ಎತ್ತರದಲ್ಲಿ, ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ. ಅದನ್ನು ನೋಡಿ ಪಾಪದ್ದು ಎಂದುಕೊಳ್ಳುತ್ತಾರೆ. ಅದು ಬೇಟೆಗೆ ಕೂತಿರುವ ಭಂಗಿ. ಅದರ ಮುಂದೆ 100 ಕೂಡ ಬೇಡ, 180 ಕೂಡ 1:1ಕ್ಕೆ ಬೇಡ. ಒಂದೂವರೆ ಮೀಟರ್ ಹಿಂದೆ ನಿಂತು ಉದ್ದ ಲೆನ್ಸಿನಲ್ಲಿ ಸಿಕ್ಕಷ್ಟು ತೆಗೆದು, ಮನೆಗೆ ಬಂದು ಚಿತ್ರವನ್ನು ಕತ್ತರಿಸಿಕೊಳ್ಳಿ. ಮೊಬೈಲಿನ ಮ್ಯಾಕ್ರೋ ಬಟನ್ ಒತ್ತಿಕೊಂಡು ಹತ್ತಿರ ಹೋಗುವ ಹುಡುಗರಿಗೆ ಇದನ್ನು ಓದಿ ಹೇಳಿ. ಅನೇಕ ಫೋನುಗಳಲ್ಲಿ ಆ ಬಟನ್ ಅತಿ ಅಗಲ ನೋಟದ ಕ್ಯಾಮೆರಾವನ್ನು ತೆರೆಯುತ್ತದೆ. ಅದರ ಸಂಗಮದೂರ ತೀರ ಕಡಿಮೆ, ಎರಡು ಮೂರು ಸೆಂ.ಮೀ. ಹತ್ತಿರ ಹೋಗದೆ ಕೆಲಸ ಆಗುವುದಿಲ್ಲ.

ಉದ್ದ ಲೆನ್ಸಿನಿಂದ ಹಿನ್ನೆಲೆಯೂ ಬದಲಾಗುತ್ತದೆ. ಕಪ್ಪೆ ಅಷ್ಟೇ ಗಾತ್ರ, ಆದರೆ ಅದರ ಹಿಂದೆ ಕಾಣುವ ಕಾಡಿನ ಅಗಲ ಕಡಿಮೆ. 60ರಲ್ಲಿ ಹಿಂದಿನ ಕಡ್ಡಿ, ಆಕಾಶದ ಬಿಳಿ ಚುಕ್ಕೆ, ಜೊತೆಗಾರರ ಕೆಂಪು ರೇನ್‌ಕೋಟು ಎಲ್ಲ ಸೇರಿಕೊಳ್ಳುತ್ತದೆ. 180ರಲ್ಲಿ ಒಂದಡಿ ಪಕ್ಕಕ್ಕೆ ಸರಿದರೆ ಹಿಂದೆ ಬರೀ ಹಸಿರು ಮಾತ್ರ. ಮಸುಕೂ ಹೆಚ್ಚು. ದೂರದ ಬೆಳಕಿನ ಚುಕ್ಕೆ ಸೆನ್ಸರ್ ಮೇಲೆ ಎಷ್ಟು ಹರಡುತ್ತದೆ ಎಂದು ನೋಡಬೇಕಾದರೆ ಸಂಗಮದೂರವನ್ನು ಎಫ್-ಸಂಖ್ಯೆಯಿಂದ ಭಾಗಿಸಿ ಹಿಗ್ಗುವಿಕೆಯಿಂದ ಗುಣಿಸಿ. 1:1ರಲ್ಲಿ ಎಫ್ 8 ಇಟ್ಟರೆ, ನಿಜವಾದ 50 ಮಿ.ಮೀ.ಗೆ 6 ಮಿ.ಮೀ. ಚಿಲ್ಲರೆ, 200 ಮಿ.ಮೀ.ಗೆ 25 ಮಿ.ಮೀ.

ಇದನ್ನು ನೋಡಿಯೇ "ಉದ್ದ ಲೆನ್ಸಿನಲ್ಲಿ ಸ್ಪಷ್ಟವಾಗಿ ಬರುವ ಭಾಗ ಕಡಿಮೆ" ಎಂಬ ತಪ್ಪು ಕಲ್ಪನೆ ಹುಟ್ಟಿದೆ. ಸಭೆಯಲ್ಲಿಯೂ ಇಬ್ಬರು ಹೇಳಿದರು. ಹಿನ್ನೆಲೆಯ ಮಸುಕು ಬೇರೆ, ವಸ್ತುವಿನಲ್ಲಿ ಸ್ಪಷ್ಟವಾಗಿ ಬರುವ ಆಳ ಬೇರೆ. ವಸ್ತುವನ್ನು ಒಂದೇ ಗಾತ್ರದಲ್ಲಿ, ಒಂದೇ ಎಫ್-ಸಂಖ್ಯೆಯಲ್ಲಿ ತೆಗೆದರೆ ಆ ಆಳ ಯಾವ ಲೆನ್ಸಿನಲ್ಲಾದರೂ ಹೆಚ್ಚುಕಡಿಮೆ ಅಷ್ಟೇ. ಫುಲ್ ಫ್ರೇಮಿನಲ್ಲಿ 1:1ಕ್ಕೆ ಎಫ್ 8 ಇಟ್ಟರೆ ಸುಮಾರು ಒಂದು ಮಿ.ಮೀ., ಎಫ್ 16 ಇಟ್ಟರೆ ಎರಡು. ಅರ್ಧ ಗಾತ್ರಕ್ಕೆ ಇಳಿದರೆ ಎಫ್ 8ರಲ್ಲೇ ಮೂರರ ಹತ್ತಿರ. ಅಂದರೆ ಕಪ್ಪೆಯ ಎರಡೂ ಕಣ್ಣು ಸ್ಪಷ್ಟ ಬೇಕಿದ್ದರೆ ಲೆನ್ಸ್ ಬದಲಿಸಿ ಉಪಯೋಗವಿಲ್ಲ. ಸ್ವಲ್ಪ ಹಿಂದೆ ಸರಿಯಬೇಕು, ಇಲ್ಲವೇ ಕಪ್ಪೆಗೆ ಸಮಾಂತರವಾಗಿ ಬಗ್ಗಬೇಕು. ನನ್ನ ವಯಸ್ಸಿನವರಿಗೆ ಮೊದಲನೆಯದೇ ಕ್ಷೇಮ.

ಹಾಗಾದರೆ 180 ತಂದುಬಿಡೋಣವೇ? ಇಲ್ಲ. ಕಾಗದಪತ್ರದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಸ್ವಲ್ಪ ಸಂಕೋಚವಿದೆ.

2018ರಲ್ಲಿ ಶಿರೋಳ ತಾಲೂಕಿನ ನದಿಯಂಚಿನ ಊರಿನಲ್ಲಿ ನಮ್ಮ ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಅವರ ಅಜ್ಜಿಗೆ ತವರಿನಿಂದ ಬರುತ್ತಿದ್ದ ಕನ್ನಡ ಪತ್ರಗಳ ಒಂದು ಕಟ್ಟು ಟ್ರಂಕಿನಲ್ಲಿ ಇತ್ತು. ಹೆರಿಗೆ, ಬೀಜದ ಜೋಳ, ಎಮ್ಮೆ ಕೊಂಡದ್ದು, ಯಾರೋ ಮುನಿಸಿಕೊಂಡದ್ದು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ ಉಳಿದಿದ್ದರು, ಮಕ್ಕಳೆಲ್ಲ ಮರಾಠಿ ಶಾಲೆ. ಎಲ್ಲ ಹಾಳೆಗಳ ಚಿತ್ರ ತೆಗೆದಿಡೋಣ ಎಂದು ನಾನೇ ಕ್ಯಾಮೆರಾ ಹಿಡಿದೆ. ಕ್ಯಾಮೆರಾದ ಜೊತೆ ಬರುವ 18–55ರ ಸಾದಾ ಜೂಮ್ ಲೆನ್ಸ್. ಹತ್ತಿರ ಹೋದಷ್ಟೂ ಅಕ್ಷರ ಚೆನ್ನಾಗಿ ಬರುತ್ತದೆ ಎಂದು ನಂಬಿ, ಜೂಮನ್ನು 18ಕ್ಕೆ ತಿರುಗಿಸಿ, ಹಾಳೆಯ ಮೇಲೆ ಬಗ್ಗಿ ತೆಗೆದೆ.

ಈಗ ಲೆಕ್ಕ ಹಾಕಿದರೆ ತಪ್ಪು ಕಾಣುತ್ತದೆ. ಹಾಳೆ ಎ4 ಅಳತೆಯದು ಎಂದಿಟ್ಟುಕೊಳ್ಳಿ, 210 ಮಿ.ಮೀ. ಅಗಲ. ಆ ಕ್ಯಾಮೆರಾದ ಎಪಿಎಸ್-ಸಿ ಸೆನ್ಸರಿನ ಚಿಕ್ಕ ಬದಿ ಸುಮಾರು 15.6 ಮಿ.ಮೀ. ಹಾಳೆ ಪೂರ್ತಿ ಬರಬೇಕಾದರೆ ಚಿತ್ರ ಹದಿಮೂರೂವರೆ ಪಟ್ಟು ಚಿಕ್ಕದಾಗಬೇಕು. ಅದಕ್ಕೆ ಬೇಕಾದ ದೂರ ಸಂಗಮದೂರದ ಹದಿನಾಲ್ಕೂವರೆಯಷ್ಟು. 18ಕ್ಕೆ 26 ಸೆಂ.ಮೀ., 55ಕ್ಕೆ 80 ಸೆಂ.ಮೀ. ಎರಡರಲ್ಲಿಯೂ ಹಾಳೆಯ ಗಾತ್ರ ಒಂದೇ, ಅಕ್ಷರದ ಗಾತ್ರವೂ ಒಂದೇ. ಹತ್ತಿರ ಹೋಗಿ ನಾನು ಗಳಿಸಿದ್ದು ಏನೂ ಇಲ್ಲ.

ಕಳೆದದ್ದು ಬಹಳ. 26 ಸೆಂ.ಮೀ. ಎತ್ತರದಲ್ಲಿ ಕ್ಯಾಮೆರಾ, ಅದರ ಹಿಂದೆ ನನ್ನ ತಲೆ. ಕಿಟಕಿಯ ಬೆಳಕಿಗೆ ಅಡ್ಡ ಬಂದು ಹಾಳೆಗಳ ಕೆಳಭಾಗದಲ್ಲಿ ನೆರಳು. ಮಡಿಕೆಯ ಜಾಗದಲ್ಲಿ ಕಾಗದ ಒಂದು ಸೆಂ.ಮೀ. ಎದ್ದಿದ್ದರೆ, ನಡುವಿನಿಂದ 10 ಸೆಂ.ಮೀ. ಆಚೆ ಇರುವ ಅಕ್ಷರ 18ರಲ್ಲಿ 4 ಮಿ.ಮೀ. ಹೊರಗೆ ಸರಿದಂತೆ ಬೀಳುತ್ತದೆ. 55ರಲ್ಲಾಗಿದ್ದರೆ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಸಾಲುಗಳು ಮಡಿಕೆಯಲ್ಲಿ ಮುರಿದವು. ಮೇಲಾಗಿ ಅಂಥ ಜೂಮಿನ 18ರ ತುದಿಯಲ್ಲಿ ಗೆರೆಗಳು ಹೊರಕ್ಕೆ ಬಾಗುತ್ತವೆ, ಮೂಲೆಗಳು ಮಸುಕಾಗುತ್ತವೆ. ನಮ್ಮ ಹಿರಿಯರು ಪತ್ರದಲ್ಲಿ ಜಾಗ ಮುಗಿದ ಮೇಲೆ ಅಂಚಿನ ಸುತ್ತ ಅಡ್ಡಡ್ಡ ಬರೆಯುತ್ತಿದ್ದರು. ಮುಖ್ಯವಾದದ್ದು ನೆನಪಾಗುತ್ತಿದ್ದುದೇ ಆಗ. ಆ ಅಂಚುಗಳೇ ಓದಲು ಬಾರದಂತಾದವು.

ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ಗೊತ್ತಾಯಿತು. ಇನ್ನೊಮ್ಮೆ ಹೋಗಿ ತೆಗೆದರಾಯಿತು ಎಂದುಕೊಂಡೆ. ದೀಪಾವಳಿ ಕಳೆಯಿತು, ಯುಗಾದಿ ಕಳೆಯಿತು. 2019ರ ಆಗಸ್ಟಿನ ಮಹಾಪೂರ ನಿಮಗೆಲ್ಲ ಗೊತ್ತೇ ಇದೆ. ಆ ಮನೆಯಲ್ಲಿ ನೀರು ಮಾಳಿಗೆ ಮುಟ್ಟಿತು. ಜನ ಉಳಿದರು, ಟ್ರಂಕು ಉಳಿಯಲಿಲ್ಲ. ಈಗ ಆ ಪತ್ರಗಳು ಎಂದರೆ ನಾನು ತೆಗೆದ ಚಿತ್ರಗಳೇ. ಅವರು ಒಮ್ಮೆಯೂ ಏನೂ ಅಂದಿಲ್ಲ. ಅಂಚಿನಲ್ಲಿ ಅಜ್ಜಿಯ ಅಣ್ಣ ಏನು ಬರೆದಿದ್ದರು ಎಂದು ಎರಡು ಸಲ ಕೇಳಿದ್ದಾರೆ, ಅಷ್ಟೇ.

ಕಾಗದಕ್ಕೆ ಉದ್ದ ಲೆನ್ಸ್ ಹಾಕಿದ್ದರೆ? ಅದೇ ಕ್ಯಾಮೆರಾದಲ್ಲಿ 180 ಹಾಕಿದರೆ ಎರಡೂವರೆ ಮೀಟರ್ ಎತ್ತರ ಬೇಕು. ಏಣಿ ಹತ್ತಬೇಕು. ಸ್ಟ್ಯಾಂಡಿನ ಮೇಲೆ ನಿಲ್ಲಿಸಲಾಗದು. 60ಕ್ಕೆ 87 ಸೆಂ.ಮೀ., ಮೇಜಿನ ಮೇಲೆ ಟ್ರೈಪಾಡ್ ಇಟ್ಟು ಮಾಡಬಹುದಾದ ಕೆಲಸ. 100ಕ್ಕೆ ಸುಮಾರು ಒಂದೂವರೆ ಮೀಟರ್, ಹಾಳೆಯನ್ನು ನೆಲದ ಮೇಲಿಟ್ಟರೆ ಅದೂ ಆದೀತು. ಇಡೀ ಹಾಳೆಗೆ ಮ್ಯಾಕ್ರೋ ಲೆನ್ಸೇ ಬೇಕೆಂದಿಲ್ಲ. ಸಾದಾ 50, ಅಥವಾ ಜೂಮಿನ 55ರ ತುದಿಯೂ ನಡೆಯುತ್ತದೆ. ಆದರೆ ಮ್ಯಾಕ್ರೋ ಲೆನ್ಸುಗಳನ್ನು ಹತ್ತಿರದ ಚಪ್ಪಟೆ ವಸ್ತುವಿಗೆಂದೇ ಮಾಡಿರುವುದರಿಂದ ನಡುವಿನಷ್ಟೇ ಅಂಚೂ ಚೊಕ್ಕಟವಾಗಿ ಬರುತ್ತದೆ. ಅಂಚೆಯ ಮುದ್ರೆ, ಮಸಿ ಹರಡಿದ ಒಂದು ಪದ, ನಾಣ್ಯದ ಮೇಲಿನ ಅಕ್ಷರ ಇವುಗಳಿಗೆ ಹತ್ತಿರ ಹೋಗಲೇಬೇಕು, ಅಲ್ಲಿ ಮ್ಯಾಕ್ರೋ ಬೇಕೇ ಬೇಕು. ಫೋನಿನಲ್ಲಿ ತೆಗೆಯುವವರು ಹಿಂದೆ ಸರಿದು 2 ಪಟ್ಟು ಜೂಮ್ ಹಾಕಿ ತೆಗೆಯಿರಿ, ಮ್ಯಾಕ್ರೋ ಬಟನ್ ಮುಟ್ಟಬೇಡಿ.

ಖಿದ್ರಾಪುರದ ಕೋಪೇಶ್ವರ ದೇವಸ್ಥಾನಕ್ಕೆ ಹೋಗಿ ಕನ್ನಡ ಶಾಸನಗಳ ಅಕ್ಷರ ತೆಗೆಯುವವರಿಗೆ ಒಂದು ಮಾತು. ಅಲ್ಲಿ ಬೆಳಕು ಬದಿಯಿಂದ, ಕಲ್ಲಿಗೆ ಸವರಿದಂತೆ ಬರಬೇಕು, ಆಗ ಅಕ್ಷರದ ಕೊರೆತದಲ್ಲಿ ನೆರಳು ನಿಂತು ಓದಲು ಬರುತ್ತದೆ. ಲೆನ್ಸ್ ಕಲ್ಲಿಗೆ ಒತ್ತಿಕೊಂಡಿದ್ದರೆ ಟಾರ್ಚ್ ಹಿಡಿಯಲು ಜಾಗವೇ ಇರುವುದಿಲ್ಲ. 100 ಅಲ್ಲಿ ಹದವಾಗುತ್ತದೆ. ಅಕ್ಷರಕ್ಕೆ ಸುಣ್ಣದಕಡ್ಡಿ, ಎಣ್ಣೆ ತಾಗಿಸಬೇಡಿ, ಅದು ರಕ್ಷಿತ ಸ್ಮಾರಕ.

ದುಡ್ಡಿನ ಮಾತೂ ಆಡಬೇಕು. ಇರುವ ಲೆನ್ಸಿನಲ್ಲೇ ಮ್ಯಾಕ್ರೋ ಮಾಡುವ ಎರಡು ಅಗ್ಗದ ದಾರಿಗಳಿವೆ, ಎರಡಕ್ಕೂ ಸಂಗಮದೂರ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಎಕ್ಸ್‌ಟೆನ್ಷನ್ ಟ್ಯೂಬ್ ಎಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಬಳೆ, ಒಳಗೆ ಗಾಜಿಲ್ಲ. ಬಳೆಯ ಉದ್ದವನ್ನು ಸಂಗಮದೂರದಿಂದ ಭಾಗಿಸಿದಷ್ಟು ಹಿಗ್ಗುವಿಕೆ ಸೇರುತ್ತದೆ. 25 ಮಿ.ಮೀ. ಬಳೆ 50ರ ಲೆನ್ಸಿಗೆ ಅರ್ಧ ಗಾತ್ರ ಕೊಡುತ್ತದೆ, 200ಕ್ಕೆ ಎಂಟನೇ ಒಂದು ಮಾತ್ರ. ಆದ್ದರಿಂದ ಇದು ಚಿಕ್ಕ ಲೆನ್ಸಿಗೆ. ಕ್ಲೋಸ್-ಅಪ್ ಗಾಜು ಎಂದರೆ ಲೆನ್ಸಿನ ಮುಂದೆ ತಿರುಪುವ ಭೂತಗನ್ನಡಿಯೇ. ಅದರ ಮೇಲೆ ನಮ್ಮ ಕನ್ನಡಕದ ನಂಬರಿನಂತೆ +2, +4 ಎಂದು ಇರುತ್ತದೆ. +2 ಎಂದರೆ ವಸ್ತು ಅರ್ಧ ಮೀಟರಿನಲ್ಲಿ. ಅದನ್ನು 50ಕ್ಕೆ ಹಾಕಿದರೆ ಹತ್ತನೇ ಒಂದು ಗಾತ್ರ, 200ಕ್ಕೆ ಹಾಕಿದರೆ ಹತ್ತರಲ್ಲಿ ನಾಲ್ಕು. ಇದು ಉದ್ದ ಲೆನ್ಸಿಗೆ. ಅರ್ಧ ಮೀಟರ್ ದೂರದಿಂದಲೇ ಚಿಟ್ಟೆ ಸಿಗುತ್ತದೆ ಎನ್ನುವುದನ್ನು ಆಂಬೋಲಿಯವರು ಗಮನಿಸಬೇಕು.

ಇವೆಲ್ಲ ನೋಡಿ ನನ್ನ ಅಭಿಪ್ರಾಯ ಹೇಳುವುದಾದರೆ, ಸಂಘದ ಹಣದಲ್ಲಿ 90 ಅಥವಾ 100ರ ಒಂದು ಮ್ಯಾಕ್ರೋ ಲೆನ್ಸ್, ಸಾಧ್ಯವಾದರೆ ಬಳಸಿದ್ದು. ಹುಳುವಿಗೂ ಆಗುತ್ತದೆ, ನಾಣ್ಯಕ್ಕೂ ಆಗುತ್ತದೆ, ಕೈಯಲ್ಲಿ ಹಿಡಿಯುವಷ್ಟು ಹಗುರ. 180ರ ಲೆನ್ಸ್ ಭಾರ, ಬೆಲೆಯೂ ಭಾರ. ಅದು ಬೇಕೆನ್ನುವವರು ತಮ್ಮ ಜೂಮಿಗೆ +2 ಗಾಜು ಹಾಕಿ ಒಂದು ಮಳೆಗಾಲ ನೋಡಲಿ. ಕಾಗದಕ್ಕೆ ಕೊಲ್ಲಾಪುರದ ಸದಸ್ಯರೊಬ್ಬರು ತಮ್ಮ 50ರ ಲೆನ್ಸ್ ಮತ್ತು ಟ್ಯೂಬ್‌ಗಳನ್ನು ಸಂಘಕ್ಕೆ ಎರವಲು ಕೊಡಲು ಒಪ್ಪಿದ್ದಾರೆ. ಬೇರೆ ಅಭಿಪ್ರಾಯ ಇದ್ದವರು ಮುಂದಿನ ಸಭೆಗೆ ಮೊದಲು ಬರೆದು ಕಳಿಸಿ, ನಿರ್ಣಯ ಅಲ್ಲಿಯೇ ಆಗಲಿ.

ಲೆನ್ಸ್ ಬರುವ ತನಕ ಕಾಯಬೇಕಿಲ್ಲದ ಕೆಲಸ ಒಂದಿದೆ. ಮನೆಯಲ್ಲಿ ಕನ್ನಡ ಪತ್ರ, ಲಗ್ನಪತ್ರಿಕೆ, ಲೆಕ್ಕದ ವಹಿ, ಶಾಲೆಯ ದಾಖಲೆ ಏನಿದ್ದರೂ ಮುಂದಿನ ಸಭೆಗೆ ತನ್ನಿ. ಮಡಿಕೆಗಳನ್ನು ಒತ್ತಾಯದಿಂದ ಬಿಡಿಸಬೇಡಿ, ಟೇಪ್ ಅಂಟಿಸಬೇಡಿ, ಇದ್ದ ಹಾಗೆಯೇ ಪ್ಲಾಸ್ಟಿಕ್ ಚೀಲದ ಬದಲು ಬಟ್ಟೆಯಲ್ಲಿ ಸುತ್ತಿ ತನ್ನಿ. ಉತ್ತರದ ಕಿಟಕಿಯ ಹತ್ತಿರ ಮೇಜು ಹಾಕಿರುತ್ತೇವೆ, ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇರುತ್ತದೆ, ಪ್ರತಿ ಹಾಳೆಯ ಚಿತ್ರವನ್ನು ನೀವೇ ಪರದೆಯಲ್ಲಿ ನೋಡಿ, ನಾಲ್ಕೂ ಅಂಚು ಓದಿ ಸರಿ ಎಂದ ಮೇಲೆಯೇ ಮುಂದಿನ ಹಾಳೆ. ಪತ್ರಗಳು ಅದೇ ಸಂಜೆ ನಿಮ್ಮ ಜೊತೆಯೇ ಮನೆಗೆ ಬರುತ್ತವೆ. ನದಿಯಂಚಿನ ಊರಿನವರು ಮಳೆಗೆ ಮೊದಲು ಬನ್ನಿ. ಬರಲಾಗದ ಹಿರಿಯರು ತಿಳಿಸಿದರೆ ನಾವೇ ಬರುತ್ತೇವೆ.

— ಕಾರ್ಯದರ್ಶಿ